ಅಮರಮ್ಮನ ಕಾಲು, ನನ್ನ ಕುತ್ತಿಗೆ

ತಾಮ್ರದ ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಯುಗಾದಿಗೆ ಇನ್ನು ನಾಲ್ಕು ದಿನವಿತ್ತು. ಕುತ್ತಿಗೆ ಬಲಕ್ಕೆ ತಿರುಗುತ್ತಿರಲಿಲ್ಲವಾದ್ದರಿಂದ ನಾನೇ ಹಂಡೆಯ ಸುತ್ತ ತಿರುಗಿ ತಿಕ್ಕುತ್ತಿದ್ದೆ. ಹಿಂದಿನ ದಿನ ತಲೆಯ ಮೇಲೆ ಒಂದರ ಮೇಲೊಂದು ಎರಡು ಕೊಡ ಹೊತ್ತು ಬಾವಿಯಿಂದ ಬರುವಾಗ ಎಡವಿದ್ದೆ. ಕೊಡ ಬೀಳಬಾರದೆಂದು ಕುತ್ತಿಗೆ ಸೆಟೆಸಿ ಹಿಡಿದೆ. ಕೊಡ ಉಳಿಯಿತು, ಕುತ್ತಿಗೆ ಉಳುಕಿತು.

ಆಗ ಎದುರುಮನೆಯ ಗೌರಮ್ಮ ಬಾಗಿಲಲ್ಲೇ ನಿಂತು ಸುದ್ದಿ ಹೇಳಿದಳು.

"ಏ ನೀಲಮ್ಮಾ, ನಿನ್ನ ನಸೀಬ ಛಲೋ ಅದ ನೋಡು. ದೇವದುರ್ಗದ ಬಸ್ಸಿನ್ಯಾಗ ಅಮರಮ್ಮ ಇಳದಾಳ. ಇನ್ನೇನು, ಹೊತ್ತು ಮುಳುಗೂದ್ರಾಗ ನಿನ್ನ ಕುತ್ತಿಗಿ ಸುತ್ತೂ ಕಡಿ ತಿರುಗತದ."

ಅಮರಮ್ಮ ಎಂದರೆ ನಮ್ಮ ಯಜಮಾನರ ಅಕ್ಕ. ಹುಟ್ಟುವಾಗ ಕಾಲು ಮೊದಲು ಬಂದವಳು. ಹಾಗೆ ಹುಟ್ಟಿದವರ ಕಾಲಿಗೆ ಉಳುಕು ತೆಗೆಯುವ ಗುಣವಿರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಉಳುಕಿದ ಕಡೆ ಅವರು ಹಿಮ್ಮಡದಿಂದ ಮೂರು ಸಲ ನೀವಿದರೆ ಸಾಕು, ನೋವು ಹೋಗುತ್ತದೆ. ನಾನೂ ನಂಬಿದ್ದೆ, ಸುಳ್ಳು ಹೇಳುವುದಿಲ್ಲ. ದೇವದುರ್ಗದಲ್ಲಿ ರವಿವಾರ ಮುಂಜಾನೆ ಅವಳ ಮನೆಯ ಕಟ್ಟೆಯ ಮೇಲೆ ಉಳುಕಿನವರು ಸಾಲಾಗಿ ಕೂರುತ್ತಿದ್ದರು. ಅವಳು ಬಂದು ಕಾಲು ಚಾಚಿದರೆ ಜನ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅಂಥ ಕಾಲು ಅದು.

ಇದು ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಮಾತು. ಮಾನ್ವಿಯಲ್ಲಿ ನಮ್ಮದು ಕಂಬಳಿ ಅಂಗಡಿ. ಯಜಮಾನರು ಅಂದು ಉಣ್ಣೆ ತರಲು ಕವಿತಾಳದ ಕಡೆ ಹೋಗಿದ್ದರು. ಮಕ್ಕಳಿಬ್ಬರೂ ಶಾಲೆಗೆ ಹೋಗಿದ್ದವು.

ಅಮರಮ್ಮ ಬಂದವಳೇ ಅಂಗಳದಲ್ಲಿ ಚಾಪೆ ಹಾಸಿಸಿದಳು. ಓಣಿಯ ಐದಾರು ಹೆಂಗಸರು ನೋಡಲು ಬಂದರು. ಕಾಲು ತೊಳೆದುಕೊಂಡು, ದೇವರ ಹೆಸರು ಹೇಳಿ, ನನ್ನ ಕುತ್ತಿಗೆಯ ಮೇಲೆ ಎಡಗಾಲಿನ ಹಿಮ್ಮಡವಿಟ್ಟು ಮೂರು ಸಲ ನೀವಿದಳು.

"ತಿರುವು ನೋಡೂಣು."

ತಿರುಗಲಿಲ್ಲ. ಇನ್ನೊಮ್ಮೆ ನೀವಿದಳು. ಆಗಲೂ ತಿರುಗಲಿಲ್ಲ. ಗೌರಮ್ಮನ ಬಾಯಿ ಸುಮ್ಮನಿರುವುದಿಲ್ಲ. "ಯಕ್ಕಾ, ನಿನ್ನ ಕಾಲಿಗೂ ವಯಸ್ಸಾತೇನು ಮತ್ತ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ತಪ್ಪು ಏನಾದರೂ ಇದ್ದರೆ ಆ ನಗು ಒಂದೇ.

ಜನ ಹೋದ ಮೇಲೆ ಅವಳು ನನ್ನನ್ನು ಒಳಗೆ ಕರೆದು ಬಾಗಿಲ ಅಗುಳಿ ಹಾಕಿದಳು.

"ಬಾ ಇಲ್ಲಿ. ಮಂದಿ ಮುಂದ ನನ್ನ ಮಾನ ಕಳೀತು ನಿನ್ನ ಕುತ್ತಿಗಿ."

"ಬ್ಯಾಡ ಯಕ್ಕಾ, ಎಣ್ಣಿ ಹಚ್ಚಿ ಬಿಸಿನೀರು ಹಾಕ್ಕೋತೀನಿ. ತಾನ ಹೋಗತದ."

"ಸುಮ್ನ ಕೂಡು. ಕ್ಷೌರದವರು ತಿರುವೋದು ನಾ ನೋಡಿಲ್ಲೇನು?"

ನನ್ನ ತಲೆಯನ್ನು ತನ್ನ ಮೊಣಕಾಲುಗಳ ನಡುವೆ ಹಿಡಿದಳು. ಒಂದು ಕೈ ಗದ್ದದ ಕೆಳಗೆ, ಒಂದು ಕೈ ನೆತ್ತಿಯ ಹಿಂದೆ. ಒಣಗಿದ ತೊಗರಿಕಟ್ಟಿಗೆ ಮುರಿದಂಥ ಸದ್ದು ನನ್ನ ಕಿವಿಯೊಳಗೇ ಆಯಿತು. ಕಣ್ಣು ಕತ್ತಲಿಟ್ಟವು. ಆಮೇಲೆ, ದೇವರಾಣೆ, ಕುತ್ತಿಗೆ ತಿರುಗಿತು. ಅಮರಮ್ಮ ಅಗುಳಿ ತೆಗೆದು ಓಣಿಗೆಲ್ಲ ಕೂಗಿದಳು. "ಬರ್ರೇ, ನೋಡ್ರಿ ನನ್ನ ಕಾಲು!" ನಾನೇ ಹೊಸಿಲ ಮೇಲೆ ನಿಂತು ಕುತ್ತಿಗೆ ಆಚೆ ಈಚೆ ತಿರುವಿ ತೋರಿಸಿದೆ. ಕಾಲಿನಿಂದಲೇ ಹೋಯಿತೆಂದು ಎಲ್ಲರೂ ನಂಬಿದರು. ಅಗುಳಿ ಹಾಕಿದ ಬಾಗಿಲ ಒಳಗೆ ಕೈಯಿಂದ ಏನು ನಡೆಯಿತು ಎಂಬುದು ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಮೂರನೆಯ ದಿನ ಮುಂಜಾನೆ ಎದ್ದಾಗಿನಿಂದ ಬಿಕ್ಕಳಿಕೆ. ನೀರು ಕುಡಿದರೂ ನಿಲ್ಲಲಿಲ್ಲ. ಮಗಳ ತಲೆ ಬಾಚುವಾಗ ಅವಳ ತಲೆ ನನಗೆ ಎರಡಾಗಿ ಕಂಡಿತು. ಯಾವ ತಲೆಗೆ ಹಣಿಗೆ ಹಾಕಬೇಕು ತಿಳಿಯಲಿಲ್ಲ. ಯಜಮಾನರನ್ನು ಕೂಗಬೇಕೆಂದರೆ ನಾಲಿಗೆ ಬೇರೆ ಯಾರದೋ ಬಾಯಿಯದ್ದಾಗಿತ್ತು. ದೇವರ ಜಗುಲಿಯ ಮುಂದೆ ಬಿದ್ದೆ. ಬಿದ್ದಾಗ ಜಗುಲಿಯ ಮೆಟ್ಟಿಲು ತಲೆಗೆ ಬಡಿಯಲಿಲ್ಲ, ತಲೆ ಒಂದು ಗೇಣು ಈಚೆಗೆ ಬಿತ್ತು. ಅದು ನಾನು ಎಣಿಸಿಟ್ಟುಕೊಂಡ ಮೊದಲನೆಯ ಕೃಪೆ.

ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಯಜಮಾನರ ತೊಡೆಯ ಮೇಲೆ ತಲೆಯಿಟ್ಟು ರಾಯಚೂರಿಗೆ ಒಯ್ದರು. ಕಲ್ಮಲ ದಾಟುವವರೆಗೂ ಎಡಗೈ ಬೆರಳು ಆಡುತ್ತಿದ್ದವು, ಅವರ ಧೋತರದ ಅಂಚನ್ನು ಹಿಡಿದಿದ್ದೆ. ದವಾಖಾನೆ ಮುಟ್ಟುವಷ್ಟರಲ್ಲಿ ಬೆರಳೂ ಹೋದವು. ಕೈ ಇಲ್ಲ, ಕಾಲು ಇಲ್ಲ, ಬಾಯಿ ಇಲ್ಲ, ನುಂಗುವುದೂ ಇಲ್ಲ. ಮೂಗಿನಲ್ಲಿ ನಳಿಗೆ ಹಾಕಿದರು. ಉಳಿದದ್ದು ಕಿವಿ. ಉಳಿದದ್ದು ಕಣ್ಣು, ಅದೂ ಮೇಲೆ ಕೆಳಗೆ ಅಷ್ಟೇ. ಒಳಗೆ ನಾನು ಪೂರ್ತಿ ಇದ್ದೆ. ಹಂಡೆ ಅರ್ಧ ತಿಕ್ಕಿದ್ದು ನೆನಪಿತ್ತು. ಆದರೆ ಇದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ.

ಡಾಕ್ಟರು ಮೈಸೂರು ಕಡೆಯ ಹುಡುಗ, ಮೆತ್ತಗಿನ ಮಾತಿನವರು. ಮೊದಲ ದಿನವೇ ಕೇಳಿದರು: "ಈ ನಾಲ್ಕೈದು ದಿನದಲ್ಲಿ ಇವರ ಕುತ್ತಿಗೆಗೆ ಏನಾದರೂ ಆಯಿತೇ? ಯಾರಾದರೂ ಎಳೆದರೇ, ತಿರುಚಿದರೇ?"

ಯಜಮಾನರು ಹೇಳಿದರು: "ಉಳುಕಿತ್ರಿ ಸಾಹೇಬ್ರ. ನಮ್ಮಕ್ಕ ಕಾಲಿಲೆ ನೀವಿದ್ಲು. ಅಷ್ಟರಿ."

ಅಮರಮ್ಮ ನನ್ನ ಮಂಚದ ಪಕ್ಕದಲ್ಲೇ ನಿಂತಿದ್ದಳು. ನನಗೆ ಅವಳ ಸೀರೆಯ ನೆರಿಗೆ ಮಾತ್ರ ಕಾಣುತ್ತಿತ್ತು. "ಹೂವ ಮುಟ್ಟಿದಂಗ ಮುಟ್ಟೀನ್ರಿ ಸಾಹೇಬ್ರ. ತಿರುವೋದು ಗಿರುವೋದು ನಮಗ ಗೊತ್ತ ಇಲ್ರಿ. ಆಕಿದು ಗೂಗಲ್ಲಿನ ಅಲ್ಲಮಪ್ರಭುವಿಗೆ ದೀಡ್ ನಮಸ್ಕಾರದ ಹರಕಿ ಇತ್ರಿ. ಎರಡು ವರ್ಷಾತು, ತೀರಿಸಿಲ್ಲ. ದೇವರು ಹೊಡದಾನ್ರಿ. ಬ್ಯಾರೆ ಏನಿಲ್ಲ."

ನನ್ನ ತವರು ಗೂಗಲ್. ಕೃಷ್ಣೆಯ ದಂಡೆಯ ಆ ಗುಡಿಯ ಕಟ್ಟೆಯ ಮೇಲೆ ಆಡಿ ಬೆಳೆದವಳು ನಾನು. ಹೆಜ್ಜೆಗೊಮ್ಮೆ ನೆಲಕ್ಕೆ ಉದ್ದಕ್ಕೆ ಬಿದ್ದು ನಮಸ್ಕರಿಸುತ್ತ ಗುಡಿ ಸುತ್ತುವ ಆ ಹರಕೆ ಇದ್ದದ್ದು ನಿಜ. ಮನೆ, ಮಕ್ಕಳು, ಅಂಗಡಿ ಎಂದು ತಡವಾದದ್ದೂ ನಿಜ. ಆದರೆ ಆ ದೇವರು ನನಗೆ ತಂದೆಯಿದ್ದಂತೆ. ತನ್ನ ಕೈ ಮಾಡಿದ್ದನ್ನು ಅವಳು ನನ್ನ ದೇವರ ತಲೆಗೆ ಕಟ್ಟಿದಳು. ಮೈ ಹೋದದ್ದಕ್ಕೆ ನನಗೆ ಅಷ್ಟು ಸಿಟ್ಟು ಬರಲಿಲ್ಲ, ಇದಕ್ಕೆ ಬಂದಿತು. ಅಂದಿನಿಂದ ನಾನು ದೇವರಲ್ಲಿ ದಿನಾಲು ಎರಡು ಬೇಡಿಕೊಂಡೆ. ಒಂದು, ನನ್ನ ಬಾಯಿ ಬರಲಿ. ಇನ್ನೊಂದು, ಅಮರಮ್ಮನ ಬಾಯಿಂದ ಸತ್ಯ ಬರಲಿ. ಎರಡರಲ್ಲಿ ಒಂದೇ ಕೊಡುವುದಾದರೆ ಎರಡನೆಯದನ್ನು ಕೊಡು ಎಂದೂ ಬೇಡಿಕೊಂಡೆ.

ಆರನೆಯದೋ ಏಳನೆಯದೋ ದಿನ ಡಾಕ್ಟರು ನನ್ನನ್ನು ಪರೀಕ್ಷೆ ಮಾಡಲು ಬಂದರು. ಇದು ನಡೆದದ್ದು ಹೇಗೆಂದು ಬಿಡಿಸಿ ಹೇಳಬೇಕು, ಏಕೆಂದರೆ ಇದರಲ್ಲಿ ಯಾರದೂ ಕೆಟ್ಟತನವಿರಲಿಲ್ಲ.

ಡಾಕ್ಟರು ಬಗ್ಗಿ, "ಅಮ್ಮಾ, ನನ್ನ ಮಾತು ಕೇಳುತ್ತಿದ್ದರೆ ಕಣ್ಣು ಮೇಲೆತ್ತಿ. ಹೌದು ಅನ್ನುವುದಕ್ಕೆ ಮೇಲೆ, ಅಲ್ಲ ಅನ್ನುವುದಕ್ಕೆ ಕೆಳಗೆ" ಎಂದರು. ಅದೇ ಉಸಿರಿನಲ್ಲಿ ನಮ್ಮ ಯಜಮಾನರ ಭುಜ ಹಿಡಿದು ನನ್ನ ಎದುರಿಗೆ ತಂದು ನಿಲ್ಲಿಸಿ, ಅವರ ಹೆಸರು ಹಿಡಿದು, "ಇವರು ನಿಮ್ಮ ಗಂಡ ತಾನೇ?" ಎಂದು ಕೇಳಿದರು.

ಹನ್ನೊಂದು ವರ್ಷ ಸಂಸಾರ ಮಾಡಿದ ಮೇಲೂ ಆ ಹೆಸರು ನನ್ನ ಬಾಯಲ್ಲಿ ಬಂದಿರಲಿಲ್ಲ. ಯಾರಾದರೂ ನನ್ನೆದುರು ಅಂದರೆ ತಲೆ ತಗ್ಗಿಸುತ್ತಿದ್ದೆ. ಪರಪುರುಷರ ಮುಖ ನೋಡಿ ಕಣ್ಣೆತ್ತಬಾರದು, ಹಿರಿಯರ ಮುಂದೆ ಗಂಡನನ್ನು ದಿಟ್ಟಿಸಬಾರದು ಎಂದು ನಮ್ಮವ್ವ ಕಲಿಸಿದ್ದಳು. ಪರಪುರುಷ ಡಾಕ್ಟರು ಎದುರಿಗಿದ್ದಾರೆ, ಗಂಡ ಎದುರಿಗಿದ್ದಾರೆ, ಹಿರಿಯಳು ಪಕ್ಕದಲ್ಲಿದ್ದಾಳೆ. ಹೆಸರು ಕೇಳಿದೊಡನೆ ನನ್ನ ಕಣ್ಣು ತಾವಾಗಿಯೇ ಕೆಳಗಿಳಿದವು. ನಾನು ಇಳಿಸಲಿಲ್ಲ. ಅವೇ ಇಳಿದವು.

ಡಾಕ್ಟರು ಇನ್ನೊಮ್ಮೆ ಕೇಳಿದರು. ಕಣ್ಣು ಇನ್ನೂ ತಗ್ಗಿದವು. ಆ ಕ್ಷಣ ನನ್ನನ್ನೇ ನಾನು ಬೈದುಕೊಂಡದ್ದು ಇದೆಯಲ್ಲ, ಅಂಥ ಬೈಗುಳ ಅಮರಮ್ಮನಿಗೂ ಬೈದಿಲ್ಲ. ಎತ್ತು, ಎತ್ತು ಎಂದುಕೊಂಡು ಎತ್ತುವಷ್ಟರಲ್ಲಿ ಅವರು ಕಾಗದದ ಮೇಲೆ ಬರೆಯಲು ತಿರುಗಿದ್ದರು. "ತಿಳಿವಳಿಕೆ ಇದ್ದ ಹಾಗಿಲ್ಲ. ಗಂಡನನ್ನೇ ಗುರುತಿಸುತ್ತಿಲ್ಲ" ಎಂದು ಯಜಮಾನರಿಗೆ ಹೇಳಿದರು. ಯಜಮಾನರು ಟವೆಲಿನಿಂದ ಮುಖ ಮುಚ್ಚಿಕೊಂಡರು.

ಅಲ್ಲಿಂದ ನಾನು ಸತ್ತವಳ ಲೆಕ್ಕಕ್ಕೆ ಹೋದೆ. ಮಾತಿಲ್ಲದೆ ಮಲಗಿದವರ ಮಂಚದ ಸುತ್ತ ಕೂತು ಮಾತಾಡುವವರಿಗೆ ಒಂದು ಮಾತು ಹೇಳುತ್ತೇನೆ. ಅವರಿಗೆ ಕೇಳುತ್ತಿರಬಹುದು. ಕೇಳುತ್ತದೆ ಎಂದೇ ತಿಳಿದು ಮಾತಾಡಿ. ನಾನು ಕೇಳಿಸಿಕೊಂಡಿದ್ದೇನೆ, ಒಂದೂ ಮರೆತಿಲ್ಲ.

ಅಮರಮ್ಮ ದಿನಾಲು ನನ್ನ ತಲೆ ಬಾಚುತ್ತಿದ್ದಳು. ತಲೆಯನ್ನು ಆ ಕಡೆ ಎಳೆದು ಈ ಕಡೆ ಎಳೆದು ಬಾಚುತ್ತಿದ್ದಳು. ಪಕ್ಕದ ಮಂಚದವರು "ಎಂಥಾ ನಾದಿನಿ ಸಿಕ್ಕಾಳ ಪುಣ್ಯವಂತಿಗೆ" ಎಂದು ಹೊಗಳುತ್ತಿದ್ದರು. ಸೂಜಿಗೆ ಅಡ್ಡ ಬರುತ್ತವೆಂದು ನನ್ನ ಎರಡೂ ಕೈಯ ಹಸಿರು ಬಳೆ ಒಡೆದು ತೆಗೆದಳು. ಸೂಜಿ ಇದ್ದದ್ದು ಎಡಗೈಗೆ ಮಾತ್ರ. ನನ್ನ ಯಜಮಾನರು ಬದುಕಿದ್ದು ಎದುರಿಗೆ ನಿಂತಿದ್ದಾಗ ನನ್ನ ಬಲಗೈ ಬೋಳಾಯಿತು. ಮೈ ಒರೆಸುವಾಗ ಮೆಲ್ಲಗೆ ತಮ್ಮನಿಗೆ ಹೇಳುತ್ತಿದ್ದಳು:

"ನೋಡಪ್ಪಾ, ದೇವರು ಹೊಡದಾಕಿ ಮತ್ತ ದೇವರ ಮನ್ಯಾಗ ದೀಪ ಹಚ್ಚಾಕ ಬರಂಗಿಲ್ಲ. ಮಕ್ಕಳು ಸಣ್ಣವು ಅದಾವ. ನಮ್ಮ ರೇಣುಕಾ ಹೊರಗಿನಾಕಿ ಅಲ್ಲ. ಅಕ್ಕನ ಮಗಳು. ಅವಾಗ ನಾ ಕೊಡ್ತೀನಿ ಅಂದ್ರ ನೀ ಒಲ್ಲೆ ಅಂದಿ, ಇನ್ನೂ ಸಣ್ಣ ಕೂಸು ಅಂದಿ. ಈಗ ದೇವರ ದಾರಿ ತೋರಸ್ಯಾನ."

"ಯಕ್ಕಾ, ಆಕಿ ಇನ್ನ ಉಸಿರಾಡಾಕತ್ತಾಳ" ಎಂದರು ಯಜಮಾನರು.

"ಉಸಿರು ಕುರಿನೂ ಆಡ್ತಾವ."

ಯಜಮಾನರು ಹೂಂ ಎನ್ನಲಿಲ್ಲ. ಉಹೂಂ ಎಂದೂ ಗಟ್ಟಿಯಾಗಿ ಅನ್ನಲಿಲ್ಲ. ಅದನ್ನೂ ನಾನು ಮರೆತಿಲ್ಲ. ಅವರಿಗೆ ಆಮೇಲೆ ಹೇಳಿದ್ದೇನೆ.

ರೇಣುಕಾಳನ್ನು ದೂರುವುದಿಲ್ಲ. ಅಮರಮ್ಮನ ಮಗಳು, ಹದಿನಾರರ ಹುಡುಗಿ, ಅವ್ವನ ಜೊತೆ ದವಾಖಾನೆಗೆ ಬರುತ್ತಿದ್ದಳು. ಒಂದು ದಿನ ಅವ್ವ ಹೊರಗೆ ಹೋದದ್ದು ನೋಡಿ ನನ್ನ ಕಿವಿಗೆ ಬಾಯಿ ತಂದು, "ಅತ್ತೀ, ನೀ ಹ್ಯಾಂಗರ ಮಾಡಿ ಎದ್ದೇಳ. ನನಗ ಮಾವ ಬ್ಯಾಡ. ನನಗ ನಿನ್ನ ಮನಿ ಬ್ಯಾಡ" ಎಂದು ಅತ್ತು ಹೋದಳು. ನನ್ನ ಪರವಾಗಿ ಆ ಕೋಣೆಯಲ್ಲಿ ಯಾರಾದರೂ ಇದ್ದಾರೆಂದು ಗೊತ್ತಾದದ್ದು ಅಂದು. ಅದೂ ಒಂದು ಕೃಪೆ.

ದೊಡ್ಡ ಕೃಪೆ ಬಂದದ್ದು ಚಾಂದ್‌ಬೀಯ ರೂಪದಲ್ಲಿ. ದವಾಖಾನೆಯ ಆಯಾ. ಅವಳ ಮನೆಯವರು ಬಳೆ ಮಾರುವವರು. ನೆಲ ಒರೆಸುತ್ತ, ಹಾಸಿಗೆ ತೆಗೆಯುತ್ತ ಯಾರೊಡನೆ ಎಂದಿಲ್ಲದೆ ಮಾತಾಡುತ್ತಿದ್ದಳು, ನನ್ನೊಡನೆಯೂ. ನೊಣ ನನ್ನ ಮೂಗಿನ ಮೇಲೆ ಕೂತರೆ ಓಡಿಸುತ್ತಿದ್ದವಳು ಅವಳೊಬ್ಬಳೇ. ಒಂದು ಮಧ್ಯಾಹ್ನ ಅಮರಮ್ಮ ಊಟಕ್ಕೆ ಹೋಗಿದ್ದಾಗ ನನ್ನ ಮುಖ ಒರೆಸುತ್ತ ಅಂದಳು:

"ಯಾ ಅಲ್ಲಾ, ನಿನ್ನ ಗಂಡಂದು ಮುಖ ನೋಡೀಯೇನು ಬೇಟಿ? ಮಳ್ಯಾಗ ತೊಯ್ದ ಕಂಬಳಿ ಆಗೇತಿ. ಹಿಂಡಿ ಒಣಗ ಹಾಕಬೇಕು ನೋಡು."

ನನಗೆ ನಗು ಬಂತು. ಬಂದದ್ದು ಹೊರಗೂ ಬಂತು. ಗಂಟಲಿನಿಂದ ಎಮ್ಮೆ ಕರು ಕೂಗಿದಂಥ ಒಂದು ಸದ್ದು. ಆ ಕಾಯಿಲೆಯಲ್ಲಿ ನಗು ಅಳು ಹಿಡಿತವಿಲ್ಲದೆ ಬರುತ್ತವಂತೆ. ಚಾಂದ್‌ಬೀ ಬಟ್ಟೆ ಕೈಬಿಟ್ಟು ನಿಂತಳು.

"ನೀ ಕೇಳಾಕತ್ತಿ! ಕೇಳಾಕತ್ತಿ ಹೌದಿಲ್ಲೋ?"

ಕಣ್ಣು ಮೇಲೆತ್ತಿದೆ. ಹೆಂಗಸಿನ ಮುಂದೆ ಎತ್ತಲು ಏನೂ ತಡೆಯಲಿಲ್ಲ.

"ಮತ್ತ ಡಾಕ್ಟರ್ ಸಾಬ್ ಕೇಳಿದಾಗ ಯಾಕ ಎತ್ತಲಿಲ್ಲ? ನಾ ಇಲ್ಲೇ ಇದ್ದೆ ಅವತ್ತ..." ಎಂದವಳು ತಾನೇ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಗಂಡನ ಹೆಸರು ಹಿಡದ್ರು. ಹೌದ?"

ಮೇಲೆತ್ತಿದೆ. ನೀರು ಕಿವಿಯೊಳಗೆ ಇಳಿಯಿತು.

ಚಾಂದ್‌ಬೀ ಸ್ಟೂಲು ಎಳೆದುಕೊಂಡು ಕೂತಳು. "ಕೇಳು ಬೇಟಿ. ಗಂಡಸರ ಮುಂದ ಕಣ್ಣು ಎತ್ತಬ್ಯಾಡ ಅಂತ ನನಗೂ ಕಲಿಸ್ಯಾರ. ನಾನೂ ಎತ್ತಂಗಿಲ್ಲ. ಆದ್ರ ನನಗ ಬಾಯಿ ಅದ, ಕೈ ಅದ, ಬೇಕಂದ್ರ ಕಸಬರಿಗಿ ಅದ. ನಿನಗ ಅದೊಂದ ಅದ. ನಾಳೆ ಸಾಬ್ ಬಂದಾಗ ಎತ್ತು. ಅವರ ಮುಖಕ್ಕ ಎತ್ತು. ನಿಮ್ಮ ದೇವರು ಬೈದ್ರ ಚಾಂದ್‌ಬೀ ಹೇಳ್ಯಾಳ ಅನ್ನು."

ಮರುದಿನ ಬರುವಾಗ ಮನೆಯಿಂದ ಎರಡು ದೊಡ್ಡ ಅಳತೆಯ ಹಸಿರು ಬಳೆ ತಂದು ಊದಿದ ಬಲಗೈಗೆ ಎಣ್ಣೆ ಹಚ್ಚಿ ಏರಿಸಿದಳು. ಆಮೇಲೆ ಡಾಕ್ಟರನ್ನು ಕೈ ಹಿಡಿದಂತೆ ಕರೆದು ತಂದಳು. ಯಜಮಾನರು ಬಂದರು. ಅಮರಮ್ಮ ಹಣಿಗೆ ಹಿಡಿದು ನಿಂತಿದ್ದಳು.

ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಅದೇ ಹೆಸರು ಹಿಡಿದರು. ನಾನು ಕಣ್ಣೆತ್ತಿ ಯಜಮಾನರ ಮುಖವನ್ನು ನೆಟ್ಟಗೆ ನೋಡಿದೆ. ಹನ್ನೊಂದು ವರ್ಷದಲ್ಲಿ ಹಾಗೆ ನೋಡಿರಲಿಲ್ಲ. ಅವರ ಎಡ ಹುಬ್ಬಿನಲ್ಲಿ ಒಂದು ಬಿಳಿ ಕೂದಲಿತ್ತು, ನನಗೆ ಗೊತ್ತೇ ಇರಲಿಲ್ಲ. ಅವರು ಮಂಚದ ಕಾಲು ಹಿಡಿದು ಕುಸಿದು ಕೂತರು.

"ಕುತ್ತಿಗೆ ಯಾರಾದರೂ ತಿರುಚಿದರೇ ಅಮ್ಮಾ?"

ಮೇಲೆ.

"ನಿಮ್ಮ ಯಜಮಾನರೇ?" ಕೆಳಗೆ. "ನೆರೆಮನೆಯವರೇ?" ಕೆಳಗೆ. ಡಾಕ್ಟರು ಹಣಿಗೆ ಹಿಡಿದವಳ ಕಡೆ ನೋಡಿ, "ನಿಮ್ಮ ಯಜಮಾನರ ಅಕ್ಕನೇ?" ಎಂದರು.

ಮೇಲೆತ್ತಿದೆ. ಎತ್ತಿ ಇಳಿಸಲಿಲ್ಲ. ಮೇಲಿನ ತೊಲೆಯನ್ನೇ ನೋಡುತ್ತ ಕಣ್ಣು ಉರಿಯುವವರೆಗೆ ಹಾಗೇ ಹಿಡಿದೆ. ಅಕ್ಕಪಕ್ಕದ ಮಂಚದವರೆಲ್ಲ ನೋಡಲಿ ಎಂದೇ ಹಿಡಿದೆ.

ಹಣಿಗೆ ನೆಲಕ್ಕೆ ಬಿತ್ತು. "ಮೈಮ್ಯಾಲೆ ಖಬರಿಲ್ಲದಾಕಿ ಕಣ್ಣು ತಿರುವಿದ್ರ ಅದೊಂದು ಸಾಕ್ಷಿಯೇನ್ರಿ?" ಎಂದು ಅಮರಮ್ಮ ಕೂಗಿದಳು. "ನಾ ಕಾಲಿಲೆ ಮುಟ್ಟೀನಿ. ಬೇಕಾದ್ರ ಯಾವ ದೇವರ ಮುಂದ ಕರೀರಿ, ಆಣಿ ಮಾಡ್ತೀನಿ."

ಡಾಕ್ಟರು ಯಜಮಾನರ ಕಡೆ ತಿರುಗಿದರು. ಕುತ್ತಿಗೆಯ ಎಲುಬಿನ ಸಂದಿನಲ್ಲಿ ಮೆದುಳಿನ ಬುಡಕ್ಕೆ ಹೋಗುವ ರಕ್ತನಾಳ ಹರಿದಿರಬೇಕು, ಮೊದಲೇ ಹೇಳಿದ್ದರೆ ಕುತ್ತಿಗೆ ಅಲುಗದಂತೆ ಇಡುತ್ತಿದ್ದೆವು ಎಂದು ಯಜಮಾನರಿಗೆ ಹೇಳಿದರು. ಕುತ್ತಿಗೆಯ ಎರಡೂ ಬದಿ ಮರಳಿನ ಚೀಲ ಇರಿಸಿದರು. ಇನ್ನು ಮುಂದೆ ತಲೆ ಬಾಚುವುದು ಬೇಡ ಎಂದರು. ಮದುವೆಯ ಮಾತು ಅಂದೇ ನಿಂತಿತು. ರೇಣುಕಾ ಮಂಚದ ಕೆಳಗೆ ಬಗ್ಗಿ ಹಣಿಗೆ ಎತ್ತಿಕೊಳ್ಳುವಾಗ ನನ್ನ ಪಾದ ಮುಟ್ಟಿ ಹೋದಳು.

ವಾಸಿಯಾದದ್ದನ್ನು ಉದ್ದಕ್ಕೆ ಬರೆಯುವುದಿಲ್ಲ. ಅದು ಬೇಸರದ ಕೆಲಸ, ಗೋಡೆಗೆ ಸಗಣಿ ಸಾರಿಸಿದ ಹಾಗೆ, ದಿನಾಲು ಅದೇ. ಎರಡನೆಯ ತಿಂಗಳಿಗೆ ಎಡಗೈ ಹೆಬ್ಬೆರಳು ಆಡಿತು. ಮೂರನೆಯ ತಿಂಗಳಿಗೆ ನಳಿಗೆ ತೆಗೆದು ಒಂದು ಚಮಚ ಗಂಜಿ ನುಂಗಿಸಿದರು, ಚಾಂದ್‌ಬೀ ದವಾಖಾನೆಗೆಲ್ಲ ಬೆಲ್ಲ ಹಂಚಿದಳು. ಮಾನ್ವಿಗೆ ಮರಳಿದ್ದು ದೀಪಾವಳಿಯ ಮುಂದೆ, ಇಬ್ಬರ ಹೆಗಲ ಮೇಲೆ. ನಡೆದದ್ದು ಮರುವರ್ಷ. ಮಾತು ಬಂತು, ಬಾಯಲ್ಲಿ ಅನ್ನ ಇಟ್ಟುಕೊಂಡವರ ಹಾಗೆ. ಬಲಗೈ ಇಂದಿಗೂ ಸಾಮಾನು ಹಿಡಿಯುವ ಗೂಟದಂತೆ ಅಷ್ಟೇ. ಎಡಗೈಯಿಂದ ರೊಟ್ಟಿ ಬಡಿಯಲು ಕಲಿತೆ. ಮೊದಲ ರೊಟ್ಟಿ ನೋಡಿ ಮಗಳು, "ಯವ್ವಾ, ಇದು ಆಂಧ್ರದ ನಕ್ಷಾ ಆಗೇದ" ಎಂದಳು. ಅದನ್ನೇ ತಿಂದಳು. ಈ ಬರಹವೂ ಎಡಗೈಯದೇ.

ಗೂಗಲ್ಲಿಗೆ ಹೋಗಿ ಹರಕೆಯನ್ನೂ ತೀರಿಸಿದೆ. ದೀಡ್ ನಮಸ್ಕಾರ ಹಾಕಲು ಆಗುವುದಿಲ್ಲವೆಂದು ಗುಡಿಯ ಸುತ್ತ ಗೋಡೆ ಹಿಡಿದು ನಡೆದೆ. ದೇವರಿಗೂ ನನಗೂ ಯಾವ ತಕರಾರೂ ಇಲ್ಲ. ಆದರೆ ಮಾನ್ವಿಯಲ್ಲಿ ಹೆಂಗಸರು ನನ್ನನ್ನು ನೋಡಿ, "ದೇವರು ಹೊಡದು ದೇವರ ಎಬ್ಬಿಸ್ಯಾನ" ಎನ್ನುತ್ತಿದ್ದರು. ಕುಂಕುಮಕ್ಕೆ ಕರೆಯುವಾಗ ನನ್ನ ಮನೆ ದಾಟಿ ಹೋಗುತ್ತಿದ್ದರು. ದೇವದುರ್ಗದಲ್ಲಿ ಅಮರಮ್ಮ ಅದೇ ಕಟ್ಟೆಯ ಮೇಲೆ ಅದೇ ಕಾಲು ಚಾಚುತ್ತಿದ್ದಳು. ಯಜಮಾನರಿಗೆ ಹೇಳಿದರೆ, "ಬೇಕಂತ ಮಾಡಿಲ್ಲ ಬಿಡು, ನಮ್ಮಕ್ಕ. ನಂಬೀನಲ್ಲ ನಾನು ನಿನ್ನ? ಸಾಕು" ಎನ್ನುತ್ತಿದ್ದರು.

ನನಗೆ ಸಾಕಾಗಿರ‍ಲಿಲ್ಲ. ತಿರುವಿದ್ದು ಬೇಕೆಂದು ಮಾಡಿದ್ದಲ್ಲ, ಒಪ್ಪುತ್ತೇನೆ. ಸುಳ್ಳು ಬೇಕೆಂದೇ ಹೇಳಿದ್ದು. ಬಳೆ ಬೇಕೆಂದೇ ಒಡೆದದ್ದು.

ಒಬ್ಬಳೇ ಬಸ್ಸು ಹತ್ತುವಷ್ಟು ಕಾಲು ಬಂದ ಮೇಲೆ ಒಂದು ರವಿವಾರ ಕೋಲು ಹಿಡಿದು ದೇವದುರ್ಗಕ್ಕೆ ಹೋದೆ. ಅಮರಮ್ಮನ ಕಟ್ಟೆಯ ಮೇಲೆ ಉಳುಕಿನವರ ಸಾಲಿನ ತುದಿಗೆ ಕೂತೆ. ಪಕ್ಕದಲ್ಲಿ ಕುತ್ತಿಗೆ ಸೆಟೆದುಕೊಂಡ ಒಬ್ಬ ದರ್ಜಿ ಇದ್ದ.

"ಏನಬೇ ಯವ್ವಾ, ನಿನಗೂ ಉಳುಕೇನು?"

"ಹೌದಪ್ಪಾ. ಇಲ್ಲೇ ತೆಗಿಸೀನಿ. ನೋಡು, ಎಷ್ಟು ಛಂದ ತೆಗದಾರ" ಎಂದು ಸೊಟ್ಟ ಬಾಯಿ ತೋರಿಸಿದೆ, ಗೂಟದ ಕೈ ಎತ್ತಿ ತೋರಿಸಿದೆ. ನಡೆದದ್ದನ್ನು ಹೇಳಿದೆ. ನನ್ನ ಮಾತು ತಿಳಿಯಲು ಅವನು ಕಿವಿ ಹತ್ತಿರ ತಂದ, ಸಾಲಿನವರೂ ತಂದರು. ಮಾತು ತೊದಲಿದರೆ ಜನ ಹೆಚ್ಚು ಗಮನ ಕೊಟ್ಟು ಕೇಳುತ್ತಾರೆ. ಅದು ನನಗೆ ದೇವರು ಕೊಟ್ಟ ಅನುಕೂಲ.

ಅಮರಮ್ಮ ಹೊರಗೆ ಬಂದು ನನ್ನನ್ನು ಕಂಡು ಹೊಸಿಲಲ್ಲೇ ನಿಂತಳು. "ಯಾಕ ಬಂದಿ? ಹೊರಗ ಕುಂತು ಮನಿತನದ ಮರ್ಯಾದಿ ಕಳೀಬ್ಯಾಡ. ಒಳಗ ಬಾ."

"ಒಳಗ ಬಂದ್ರ ನೀ ಅಗುಳಿ ಹಾಕ್ತಿ ಯಕ್ಕಾ. ಹೊರಗ ಗಾಳಿ ಛಲೋ ಅದ."

ದರ್ಜಿ ಎದ್ದು ಹೋದ. ಇನ್ನಿಬ್ಬರು ಹೋದರು. ಉಳಿದವರಿಗೆ ಅವಳು ಕಾಲು ಮುಟ್ಟಿಸಿದಳು. ಮುಂದಿನ ರವಿವಾರವೂ ಹೋದೆ. ಅಂದು ಬಂದಿದ್ದವರು ಮೂವರು. ಮೂರನೆಯ ರವಿವಾರ ಒಬ್ಬ ಮುದುಕ ಮಾತ್ರ ಸೊಂಟ ಹಿಡಿದು ಕೂತಿದ್ದ, ಆದರೆ ಓಣಿಯ ಜನವೆಲ್ಲ ಏನಾಗುತ್ತದೆಂದು ನೋಡಲು ನಿಂತಿದ್ದರು. ಅಮರಮ್ಮ ಬಂದು ನನ್ನ ಮುಂದೆ ನೆಲದ ಮೇಲೆ ಕೂತಳು. ಹಿಂದಿನ ವಾರಕ್ಕಿಂತ ಮುದಿಯಾಗಿದ್ದಳು.

"ಏನಂದ್ರ ಬಿಡ್ತಿ ನೀ ನನ್ನ?"

"ಖರೇ ಹೇಳಿದ್ರ."

"ನಾನ ತಿರುವೀನಿ" ಎಂದಳು, ನೆಲಕ್ಕೆ ಹೇಳಿದಂತೆ.

"ಗಟ್ಟ್ಯಾಗಿ. ಯಜ್ಜಗ ಕೇಳಿಸಿಲ್ಲ."

"ನಾನ ತಿರುವೀನ್ರೆಪಾ! ಕಾಲಿಲೆ ಹೋಗಲಿಲ್ಲ, ಮಂದಿ ನಕ್ರು, ಅದಕ್ಕ ಬಾಗಿಲ ಹಾಕಿ ಕೈಲೆ ತಿರುವೀನಿ. ಡಾಕ್ಟರ್ ಮುಂದ ಸುಳ್ಳು ಹೇಳೀನಿ. ಸಾಕ?"

"ಇನ್ನೊಂದು ಉಳೀತು. ದೇವರದು."

ಅವಳು ಓಣಿಯ ಜನರನ್ನು ಒಮ್ಮೆ ನೋಡಿದಳು. ಆಮೇಲೆ, "ದೇವರು ಹೊಡದಿಲ್ಲ. ದೇವರದೇನೂ ತಪ್ಪಿಲ್ಲ" ಎಂದು ಮುಖಕ್ಕೆ ಸೆರಗು ಹಾಕಿಕೊಂಡಳು. ಅತ್ತಳು. ನನ್ನ ಕಾಲು ಹಿಡಿಯಲು ಕೈ ಚಾಚಿದಾಗ ಕಾಲು ಹಿಂದಕ್ಕೆ ಎಳೆದುಕೊಂಡೆ. ಕನಿಕರ ಬರಬೇಕಿತ್ತು ಎಂದು ಓದುವವರಿಗೆ ಅನ್ನಿಸಬಹುದು. ಬರಲಿಲ್ಲ. ಮೂರು ವಾರದಲ್ಲಿ ಅವಳ ಕಾಲಿನ ಹೆಸರು ಹೋಯಿತು, ಮತ್ತೆ ಬರಲಿಲ್ಲ. ಅದಕ್ಕೆ ನಾನು ಇಂದಿಗೂ ಸಂತೋಷಪಡುತ್ತೇನೆ. ಕ್ಷಮಿಸುವುದು ದೇವರ ಕೆಲಸ, ಅವನು ದೊಡ್ಡವನು. ನಾನು ಕಂಬಳಿ ಅಂಗಡಿಯವನ ಹೆಂಡತಿ.

ಸೊಂಟದ ಮುದುಕ ಮಾತ್ರ ಪಾಪ, "ಹಂಗಾರ ನಂದು ಯಾರು ತೆಗೀತಾರ?" ಎಂದು ಕೇಳಿದ. "ಎಣ್ಣಿ ಹಚ್ಚಿ ಬಿಸಿನೀರು ಹಾಕ್ಕೋ ಯಜ್ಜಾ, ತಾನ ಹೋಗತದ" ಎಂದು ಹೇಳಿ ಬಸ್ಸಿಗೆ ನಡೆದೆ.

ಮಾನ್ವಿಯ ಬಸ್ ಸ್ಟ್ಯಾಂಡಿನಲ್ಲಿ ಯಜಮಾನರು ಕಾಯುತ್ತಿದ್ದರು. ಮೂರು ವಾರವೂ ಬಂದು ನಿಂತಿದ್ದರು, ಹೋಗಬೇಡ ಎಂದು ಮಾತ್ರ ಒಮ್ಮೆಯೂ ಅಂದಿರಲಿಲ್ಲ.

"ಹೇಳಿದ್ಲೇನು?"

"ಹೇಳಿದ್ಲು. ಓಣಿ ಮಂದಿ ಮುಂದ."

ಅವರು ನನ್ನ ಕೋಲಿನ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದರು. "ಹಂಗಾರ ಮುಗೀತು" ಎಂದರು.

"ನಿಮಗ ಮುಗೀತು" ಎಂದೆ, ಅವರ ಮುಖ ನೋಡಿ.

ಮನೆಗೆ ಬಂದರೆ ಹಿಟ್ಟಿನ ಡಬ್ಬಿಯಲ್ಲಿ ಎರಡು ರೊಟ್ಟಿಗಾಗುವಷ್ಟೇ ಇತ್ತು. ಗಿರಣಿ ಮುಚ್ಚಲು ಇನ್ನೂ ಹೊತ್ತಿತ್ತು. ಮೊರದಲ್ಲಿ ಜೋಳ ಹಾಕಿಕೊಂಡು, ಬಲಗೈಯನ್ನು ಮೊರದ ಅಂಚಿಗೆ ಆನಿಸಿ, ಎಡಗೈಯಿಂದ ಕಲ್ಲು ಆರಿಸಲು ಕೂತೆ.